ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ, 2006

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ, 2006 ಭಾರತದಲ್ಲಿ ಆಹಾರ ಪದಾರ್ಥಗಳ ತಯಾರಿಕೆ, ಸಂಗ್ರಹಣೆ, ವಿತರಣೆ, ಮಾರಾಟ ಮತ್ತು ಆಮದನ್ನು ನಿಯಂತ್ರಿಸುವ ಕೇಂದ್ರ ಕಾಯಿದೆಯಾಗಿದೆ. ಇದರ ಅನ್ವಯ ಸ್ಥಾಪಿತವಾದ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು (ಎಫ್‌ಎಸ್‌ಎಸ್‌ಎಐ) ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯದ ಅಧೀನದಲ್ಲಿದೆ. ಇದರ ಕೇಂದ್ರ ಕಚೇರಿ ನವದೆಹಲಿಯಲ್ಲಿದೆ.

ಹಿನ್ನೆಲೆ

ಈ ಕಾಯಿದೆಗೆ ಮುನ್ನ 1954ರ ಆಹಾರ ಕಲಬೆರಕೆ ತಡೆ ಕಾಯಿದೆ ಜಾರಿಯಲ್ಲಿತ್ತು. ಅದರ ಜೊತೆಗೆ ಹಣ್ಣಿನ ಉತ್ಪನ್ನಗಳು, ಮಾಂಸದ ಉತ್ಪನ್ನಗಳು, ಖಾದ್ಯ ತೈಲ, ಹಾಲು ಮುಂತಾದವುಗಳಿಗೆ ಪ್ರತ್ಯೇಕ ಆದೇಶಗಳಿದ್ದು, ಅವುಗಳನ್ನು ಬೇರೆ ಬೇರೆ ಇಲಾಖೆಗಳು ನಿರ್ವಹಿಸುತ್ತಿದ್ದವು. ಇವೆಲ್ಲವನ್ನೂ ರದ್ದುಗೊಳಿಸಿ ಒಂದೇ ಚೌಕಟ್ಟಿಗೆ ತರುವುದು ಹೊಸ ಕಾಯಿದೆಯ ಉದ್ದೇಶವಾಗಿತ್ತು. 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2008ರಲ್ಲಿ ಪ್ರಾಧಿಕಾರ ಸ್ಥಾಪನೆಯಾಯಿತು. ನಿಯಮಗಳೊಂದಿಗೆ ಕಾಯಿದೆಯು 2011ರ ಆಗಸ್ಟ್ 5ರಿಂದ ಪೂರ್ಣವಾಗಿ ಆಚರಣೆಗೆ ಬಂದಿತು.

ವ್ಯಾಪ್ತಿ ಮತ್ತು ಪರವಾನಗಿ

ಆಹಾರ ವ್ಯವಹಾರ ನಡೆಸುವ ಪ್ರತಿಯೊಬ್ಬರೂ ಪರವಾನಗಿ ಅಥವಾ ನೋಂದಣಿ ಪಡೆಯಬೇಕು. ತಳ್ಳುಗಾಡಿಯವರು, ಸಂಚಾರಿ ಮಾರಾಟಗಾರರು ಮೊದಲಾದ ಸಣ್ಣ ವ್ಯಾಪಾರಿಗಳಿಗೆ ನೋಂದಣಿಯಷ್ಟೇ ಸಾಕು. ಪರವಾನಗಿಯ 14 ಅಂಕಿಗಳ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸುವುದು ಕಡ್ಡಾಯ. ರೈತರು, ಮೀನುಗಾರರು ಮತ್ತು ಹೊಲದ ಮಟ್ಟದಲ್ಲಿರುವ ಬೆಳೆಗಳಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ. ಆದ್ದರಿಂದ ಕೀಟನಾಶಕದ ಶೇಷಾಂಶವಿರುವ ತರಕಾರಿಯು ಹೊಲದಲ್ಲಿರುವವರೆಗೆ ಇದರ ವ್ಯಾಪ್ತಿಗೆ ಒಳಪಡದೆ, ಮಾರುಕಟ್ಟೆಯ ವ್ಯಾಪಾರಿಯ ಕೈ ಸೇರಿದ ಬಳಿಕ ಒಳಪಡುತ್ತದೆ.

ದೋಷಗಳ ವರ್ಗೀಕರಣ ಮತ್ತು ದಂಡನೆ

ಹಳೆಯ ಕಾಯಿದೆಯಡಿ ಉಲ್ಲಂಘನೆಗಳು ಕ್ರಿಮಿನಲ್ ಮೊಕದ್ದಮೆಗೆ ದಾರಿಯಾಗುತ್ತಿದ್ದವು. ಹೊಸ ಕಾಯಿದೆಯು ದೋಷದ ಸ್ವರೂಪಕ್ಕೆ ತಕ್ಕಂತೆ ಅವುಗಳನ್ನು ವಿಂಗಡಿಸುತ್ತದೆ.

ಕಳಪೆ ಗುಣಮಟ್ಟದ ಆಹಾರ: ನಿಗದಿತ ಮಾನಕಕ್ಕಿಂತ ಕೆಳಗಿದ್ದರೂ ಆರೋಗ್ಯಕ್ಕೆ ಹಾನಿಕರವಲ್ಲದ್ದು. ಶುದ್ಧ ನೀರು ಬೆರೆಸಿದ ಹಾಲು ಇದಕ್ಕೆ ಉದಾಹರಣೆ. 5 ಲಕ್ಷ ರೂಪಾಯಿವರೆಗೆ ದಂಡವಿದೆ.
ತಪ್ಪು ಲೇಬಲಿನ ಆಹಾರ: ಸುಳ್ಳು ಅಥವಾ ಅಪೂರ್ಣ ವಿವರಗಳಿರುವುದು. 3 ಲಕ್ಷ ರೂಪಾಯಿವರೆಗೆ ದಂಡವಿದೆ. ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ವಿಧಿಸಬಹುದು.
ಅಸುರಕ್ಷಿತ ಆಹಾರ: ಆರೋಗ್ಯಕ್ಕೆ ಹಾನಿಯುಂಟುಮಾಡುವಂಥದ್ದು. ಇದಕ್ಕೆ ಸೆರೆವಾಸದ ಶಿಕ್ಷೆಯಿದೆ. ಸೇವಿಸಿದವರು ಮೃತಪಟ್ಟಲ್ಲಿ ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಸೆರೆವಾಸ ಹಾಗೂ ಕನಿಷ್ಠ 10 ಲಕ್ಷ ರೂಪಾಯಿ ಜುಲ್ಮಾನೆ ವಿಧಿಸಲಾಗುತ್ತದೆ. ಮೃತರ ವಾರಸುದಾರರಿಗೆ ಕನಿಷ್ಠ 5 ಲಕ್ಷ ರೂಪಾಯಿ ಪರಿಹಾರ ಸಲ್ಲಬೇಕು.

ಮೊದಲ ಎರಡು ಬಗೆಯ ಪ್ರಕರಣಗಳನ್ನು ಅಪರ ಜಿಲ್ಲಾ ದಂಡಾಧಿಕಾರಿಗಿಂತ ಕೆಳದರ್ಜೆಯವರಲ್ಲದ ನ್ಯಾಯನಿರ್ಣಯಾಧಿಕಾರಿಗಳು ಇತ್ಯರ್ಥಪಡಿಸುತ್ತಾರೆ. ಸೆರೆವಾಸದ ಪ್ರಕರಣಗಳು ನ್ಯಾಯಾಲಯಕ್ಕೆ ಹೋಗುತ್ತವೆ.

ಮಾದರಿ ಪರೀಕ್ಷೆ

ಪ್ರಕರಣವು ಯಾವ ವರ್ಗಕ್ಕೆ ಸೇರುತ್ತದೆ ಎಂಬುದು ಪ್ರಯೋಗಾಲಯದ ವರದಿಯನ್ನು ಅವಲಂಬಿಸಿರುವುದರಿಂದ ಮಾದರಿ ಸಂಗ್ರಹಣೆಯ ಕ್ರಮಕ್ಕೆ ವಿಶೇಷ ಮಹತ್ವವಿದೆ. ಆಹಾರ ಸುರಕ್ಷತಾ ಅಧಿಕಾರಿಯು ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕುತ್ತಾರೆ. ಒಂದನ್ನು ಆಹಾರ ವಿಶ್ಲೇಷಕರಿಗೆ ಕಳುಹಿಸಿ, ಎರಡನ್ನು ಅಂಕಿತ ಅಧಿಕಾರಿಯ ಬಳಿ ಇರಿಸಲಾಗುತ್ತದೆ. ವ್ಯಾಪಾರಿ ಕೋರಿದಲ್ಲಿ ನಾಲ್ಕನೆಯದನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಬೇಕು. ವಿಶ್ಲೇಷಕರು 14 ದಿನಗಳೊಳಗೆ ವರದಿ ನೀಡಬೇಕು. ಅದನ್ನು ಪ್ರಶ್ನಿಸಿ ಮೇಲ್ಮನವಿ ಸಲ್ಲಿಸಲು ಅವಕಾಶವಿದ್ದು, ಆಗ ಮಾದರಿಯು ರೆಫರಲ್ ಪ್ರಯೋಗಾಲಯಕ್ಕೆ ಹೋಗಬಹುದು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು (ಸಿಎಫ್‌ಟಿಆರ್‌ಐ) ಇಂತಹ ಪ್ರಯೋಗಾಲಯಗಳಲ್ಲೊಂದು.

ಖರೀದಿದಾರರೂ ಶುಲ್ಕ ತೆತ್ತು ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಆದರೆ ಆ ಉದ್ದೇಶವನ್ನು ಖರೀದಿಯ ಸಮಯದಲ್ಲೇ ವ್ಯಾಪಾರಿಗೆ ತಿಳಿಸಬೇಕು. ಆಹಾರವು ಕಾಯಿದೆಗೆ ವಿರುದ್ಧವೆಂದು ಸಾಬೀತಾದರೆ ಶುಲ್ಕ ಮರಳಿ ದೊರೆಯುತ್ತದೆ.

2015ರ ಜೂನ್‌ನಲ್ಲಿ ಸೀಸದ ಅಂಶದ ಕಾರಣ ನೀಡಿ ಪ್ರಾಧಿಕಾರವು ಮ್ಯಾಗಿ ನೂಡಲ್ಸ್ ಮಾರಾಟವನ್ನು ನಿಷೇಧಿಸಿತು. ಸಹಜ ನ್ಯಾಯದ ತತ್ತ್ವ ಪಾಲನೆಯಾಗಿಲ್ಲ ಹಾಗೂ ಪರೀಕ್ಷಿಸಿದ ಪ್ರಯೋಗಾಲಯಗಳಿಗೆ ಅಗತ್ಯ ಮಾನ್ಯತೆಯಿರಲಿಲ್ಲ ಎಂಬ ಕಾರಣಗಳಿಂದ ಬಾಂಬೆ ಹೈಕೋರ್ಟ್ ಆಗಸ್ಟ್‌ನಲ್ಲಿ ಆ ಆದೇಶವನ್ನು ರದ್ದುಗೊಳಿಸಿ, ಮರುಪರೀಕ್ಷೆಗೆ ಸೂಚಿಸಿತು.

ಕರ್ನಾಟಕದಲ್ಲಿ

ರಾಜ್ಯದಲ್ಲಿ ಆಹಾರ ಸುರಕ್ಷತಾ ಆಯುಕ್ತರು ಕಾಯಿದೆಯನ್ನು ಅನುಷ್ಠಾನಗೊಳಿಸುತ್ತಾರೆ. 2024ರ ಮಾರ್ಚ್‌ನಲ್ಲಿ ಪರೀಕ್ಷಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದ ಬಳಿಕ, ಸರ್ಕಾರವು ಗೋಬಿ ಮಂಚೂರಿ ಹಾಗೂ ಬಾಂಬೆ ಮಿಠಾಯಿಯಲ್ಲಿ ಕೃತಕ ಬಣ್ಣಗಳ ಬಳಕೆಯನ್ನು ನಿಷೇಧಿಸಿತು. ಪತ್ತೆಯಾದ ಬಣ್ಣಗಳಲ್ಲಿ ರೋಡಮೈನ್-ಬಿ ಬಟ್ಟೆಗೆ ಬಳಸುವ ಬಣ್ಣವಾಗಿದ್ದು, ಯಾವುದೇ ಆಹಾರದಲ್ಲಿ ಅದಕ್ಕೆ ಅನುಮತಿಯಿಲ್ಲ. ಟಾರ್ಟ್ರಜಿನ್‌ನಂತಹ ಬಣ್ಣಗಳನ್ನು ನಿರ್ದಿಷ್ಟ ಆಹಾರಗಳಲ್ಲಿ ಮಿತಿಯೊಳಗೆ ಮಾತ್ರ ಬಳಸಬಹುದು. ಅದೇ ವರ್ಷದ ಜೂನ್‌ನಲ್ಲಿ ಈ ನಿಷೇಧವನ್ನು ಕಬಾಬ್‌ಗೂ ವಿಸ್ತರಿಸಲಾಯಿತು.