ಎತ್ತಿಡುವ ಕೈ ನಮ್ಮದಾಗಲಿ

ಸಹೋದರಿಯರೇ, ಅಲ್ಲಾಹನ ಹೆಸರಿರುವ ವಸ್ತುಗಳು ನಿಮ್ಮ ಮನೆಯಲ್ಲಿ ಎಷ್ಟಿವೆ ಎಂದು ಒಮ್ಮೆ ಎಣಿಸಿ ನೋಡಿ. ಕಪಾಟಿನ ಮೇಲೆ ಬಟ್ಟೆ ಸುತ್ತಿ ಜೋಪಾನವಾಗಿಟ್ಟ ಕುರ್‌ಆನ್ ಈ ಲೆಕ್ಕಕ್ಕೆ ಬೇಡ. ಅದರ ಗೌರವ ನಮಗೆಲ್ಲ ಗೊತ್ತು. ಉಳಿದವನ್ನು ಎಣಿಸಿ. ‘ಬಿಸ್ಮಿಲ್ಲಾ’ ಅಚ್ಚಾದ ಮದುವೆ ಕಾರ್ಡ್‌ಗಳು, ರಮಝಾನ್ ವೇಳಾಪಟ್ಟಿ, ಅಂಗಡಿಯವರು ಕೊಟ್ಟ ಕ್ಯಾಲೆಂಡರ್, ಆಯತ್ ಇರುವ ಕೀ ಚೈನು, ಉರ್ದು ಪತ್ರಿಕೆಯ ಶುಕ್ರವಾರದ ಪುಟ, ಮಕ್ಕಳು ಓದಿ ಮುಗಿಸಿದ ಮದ್ರಸದ ಪುಸ್ತಕ. ಹತ್ತಿಪ್ಪತ್ತಾದರೂ ಸಿಗುತ್ತವೆ. ಇವೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತವೆ?

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಈ ಪ್ರಶ್ನೆಗೆ ಉತ್ತರ ಹುಡುಕಬೇಕಿಲ್ಲ. ಹಳೆಯ ಕಾಗದ ಬಚ್ಚಲ ಒಲೆ ಹೊತ್ತಿಸಲು ಹೋಗುತ್ತದೆ, ಇಲ್ಲವೇ ಗುಜರಿಗೆ ಹೋಗುತ್ತದೆ. ಗುಜರಿಗೆ ಹೋದದ್ದು ಮೀನು ಕಟ್ಟುವ ಕಾಗದವಾಗಿ ಮತ್ತೆ ನಮ್ಮ ಅಡುಗೆಮನೆಗೇ ಬರಬಹುದು. ಮೀಲಾದ್‌ಗೆ ಬೀದಿಯಲ್ಲಿ ಕಟ್ಟಿದ ಕಲಿಮದ ಬಾವುಟಗಳ ಗತಿಯೂ ಇದೇ. 2024 ಮತ್ತು 2025ರಲ್ಲಿ ಮೀಲಾದ್ ಬಂದದ್ದು ಸೆಪ್ಟೆಂಬರಿನಲ್ಲಿ. ಹುಲಿಕಲ್, ಆಗುಂಬೆಯ ಮಳೆ ಕಂಡ ನಮಗೆ ಆ ತಿಂಗಳ ಗಾಳಿಮಳೆ ಹೊಸದಲ್ಲ. ನೂಲು ಕಡಿದು ಚರಂಡಿಗೆ ಬಿದ್ದ ಬಾವುಟವನ್ನು ಯಾರು ಎತ್ತಬೇಕು? ಕಟ್ಟಿದವರೋ, ದಾರಿಹೋಕರೋ, ಪುರಸಭೆಯವರೋ?

ದಿನಬಳಕೆಯ ವಸ್ತುವಿನ ಮೇಲೆ

ಪವಿತ್ರ ವಾಕ್ಯಗಳನ್ನು ಬಳಕೆಯ ವಸ್ತುಗಳ ಮೇಲೆ ಬರೆಯುವುದೇ ತಪ್ಪು ಎಂದು ಕೆಲವರು ಹೇಳುವುದುಂಟು. ಆದರೆ ಕುರ್‌ಆನಿನ ‘ಅನ್ನಮ್ಲ್’ ಅಧ್ಯಾಯವನ್ನು ನೋಡಿ. ಪ್ರವಾದಿ ಸುಲೈಮಾನರು(ಅ) ಸಬಾದ ರಾಣಿಗೆ ಬರೆದ ಪತ್ರ ಬಿಸ್ಮಿಲ್ಲಾದಿಂದಲೇ ಆರಂಭವಾಗುತ್ತದೆ. ಆಗ ಆ ರಾಣಿ ಸೂರ್ಯನನ್ನು ಪೂಜಿಸುತ್ತಿದ್ದಳು. ಪ್ರವಾದಿ ಮುಹಮ್ಮದ್(ಸ) ರೋಮ್ ಚಕ್ರವರ್ತಿ ಹಿರಾಕ್ಲಿಯಸ್‌ಗೆ ಕಳಿಸಿದ ಪತ್ರದಲ್ಲಿಯೂ ಬಿಸ್ಮಿಲ್ಲಾ ಇತ್ತು, ಕುರ್‌ಆನಿನ ಸೂಕ್ತವೂ ಇತ್ತು. ಪತ್ರಗಳಿಗೆ ಒತ್ತುತ್ತಿದ್ದ ಅವರ ಉಂಗುರದ ಮೊಹರಿನಲ್ಲಿ ಅಲ್ಲಾಹನ ಹೆಸರು ಕೊರೆದಿತ್ತು. ಅಂದರೆ ಅಗತ್ಯಕ್ಕೆ ಬರೆಯುವುದರಲ್ಲಿ ತಪ್ಪಿಲ್ಲ.

ನಾಣ್ಯಗಳ ಕಥೆ ಇನ್ನೂ ಸ್ವಾರಸ್ಯಕರ. ಹಿಜರಿ 77ರಲ್ಲಿ ಖಲೀಫಾ ಅಬ್ದುಲ್ ಮಲಿಕ್ ಕುರ್‌ಆನಿನ ವಾಕ್ಯಗಳಿದ್ದ ಚಿನ್ನದ ದೀನಾರನ್ನು ಹೊರತಂದರು. ಮುಂದೆ ಮೊಗಲರ ನಾಣ್ಯಗಳಲ್ಲಿಯೂ ಕಲಿಮ ಅಚ್ಚಾಗುತ್ತಿತ್ತು. ಔರಂಗಜೇಬ್ ಪಟ್ಟಕ್ಕೆ ಬಂದಾಗ ಅದನ್ನು ನಿಲ್ಲಿಸಿದರು. ನಾಣ್ಯ ಎಲ್ಲರ ಕೈ ದಾಟುತ್ತದೆ, ಕಾಲಡಿಗೂ ಬೀಳುತ್ತದೆ, ಕಲಿಮಕ್ಕೆ ಅದರಿಂದ ಅಗೌರವವಾದೀತು ಎಂಬುದೇ ಅದಕ್ಕೆ ಕಾರಣ. ಅವರು ಯಾರನ್ನೂ ದೂರಲಿಲ್ಲ, ತಮ್ಮ ಟಂಕಸಾಲೆಯನ್ನು ತಿದ್ದಿಕೊಂಡರು.

ನಮ್ಮ ಹೊಸನಗರ ತಾಲೂಕಿನ ನಗರದಲ್ಲಿಯೂ ಒಂದು ಟಂಕಸಾಲೆ ಇತ್ತು. 1763ರಲ್ಲಿ ಹೈದರಾಲಿ ಗೆದ್ದ ಬಿದನೂರೇ ಹೈದರ್‌ನಗರವಾಗಿ, ಬಳಿಕ ನಗರವಾಯಿತು. ಟಿಪ್ಪು ಸುಲ್ತಾನ್ ತನ್ನ ನಾಣ್ಯಗಳಿಗೆ ಅಹ್ಮದಿ, ಸಿದ್ದೀಕಿ, ಫಾರೂಕಿ ಎಂದು ಹೆಸರಿಟ್ಟಿದ್ದ. ಇವು ಪ್ರವಾದಿವರ್ಯರ(ಸ) ಮತ್ತು ಮೊದಲ ಇಬ್ಬರು ಖಲೀಫರ ನೆನಪಿನ ಹೆಸರುಗಳು. ಫಾರೂಕಿ ಎಂಬ ವರಹ ನಗರದಲ್ಲಿಯೂ ಅಚ್ಚಾಯಿತು. ಅಡಿಕೆ, ಮೆಣಸು ಮಾರಿದ ಮಲೆನಾಡಿನ ರೈತ ಯಾವ ಧರ್ಮದವನಾದರೂ ಅದನ್ನು ಸೆರಗಿನಲ್ಲೋ ಸೊಂಟದ ಚೀಲದಲ್ಲೋ ಕಟ್ಟಿಕೊಂಡೇ ಮನೆಗೆ ಹೋಗಿರಬೇಕು.

ಗೊತ್ತಿಲ್ಲದೆ ಆಗುವ ತಪ್ಪು

ಇಂದು ಅಚ್ಚು ಹಾಕುವವರಿಗೆ ಆ ಅಕ್ಷರದ ಅರ್ಥವೇ ಗೊತ್ತಿರುವುದಿಲ್ಲ. 1994ರ ವಿಶ್ವಕಪ್ ಫುಟ್‌ಬಾಲ್ ವೇಳೆ ಮೆಕ್‌ಡೊನಾಲ್ಡ್ಸ್ ಕಂಪೆನಿ ತಿಂಡಿಯ ಚೀಲಗಳ ಮೇಲೆ ಸೌದಿ ಅರೇಬಿಯಾದ ಧ್ವಜವನ್ನು ಮುದ್ರಿಸಿತು. ಆ ಧ್ವಜದಲ್ಲಿರುವುದು ಕಲಿಮ, ತಿಂದ ಮೇಲೆ ಚೀಲ ಹೋಗುವುದು ಕಸದ ಬುಟ್ಟಿಗೆ. ಮುಸ್ಲಿಮರು ತಿಳಿಸಿದಾಗ ಕಂಪೆನಿ ಅದನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಶನೆಲ್ ಎಂಬ ಫ್ರೆಂಚ್ ಕಂಪೆನಿಯ ಉಡುಪಿನ ಮೇಲೆ ಕುರ್‌ಆನಿನ ವಾಕ್ಯ ಕಂಡುಬಂತು. ವಿನ್ಯಾಸಕಾರ ಅದನ್ನು ಪ್ರೇಮಗೀತೆ ಎಂದು ತಿಳಿದಿದ್ದರಂತೆ. ಕಂಪೆನಿ ಕ್ಷಮೆ ಕೇಳಿತು. 1997ರಲ್ಲಿ ನೈಕಿಯ ಬೂಟಿನ ಮೇಲಿನ ಬರಹ ಅರಬಿಯ ‘ಅಲ್ಲಾಹ್’ ಪದದಂತೆ ಕಾಣುತ್ತದೆ ಎಂದು ಅಮೆರಿಕದ ಮುಸ್ಲಿಮ್ ಸಂಘಟನೆಯೊಂದು ಮಾತುಕತೆ ನಡೆಸಿತು. ಕಂಪೆನಿ 38,000 ಜೋಡಿಗಳನ್ನು ಹಿಂದಕ್ಕೆ ಪಡೆಯಲು ಒಪ್ಪಿತು. ತಿಳಿಸಿ ಹೇಳಿದರೆ ದೊಡ್ಡ ಕಂಪೆನಿಯೂ ಕೇಳುತ್ತದೆ ಎಂದಮೇಲೆ, ದಿನವೂ ಮುಖ ನೋಡುವ ನಮ್ಮ ಬೀದಿಯ ಅಂಗಡಿಯವರು ಕೇಳಲಾರರೇ?

ಅರಬಿ ಅಕ್ಷರವೆಲ್ಲ ಆಯತ್ ಅಲ್ಲ

ಗೌರವದ ಹೆಸರಿನಲ್ಲಿ ಅನ್ಯಾಯವಾದ ಉದಾಹರಣೆಯೂ ಇದೆ. 2024ರ ಫೆಬ್ರವರಿಯಲ್ಲಿ ಲಾಹೋರಿನ ಅಛ್ರಾ ಮಾರುಕಟ್ಟೆಗೆ ಗಂಡನೊಂದಿಗೆ ಬಂದಿದ್ದ ಒಬ್ಬ ಹೆಣ್ಣುಮಗಳ ಉಡುಪಿನ ಮೇಲೆ ಅರಬಿ ಅಕ್ಷರಗಳಿದ್ದವು. ಅದು ಕುರ್‌ಆನಿನ ಆಯತ್ ಎಂದು ಯಾರೋ ಕೂಗಿದರು. ನೂರಾರು ಜನ ಸೇರಿದರು. ಪೊಲೀಸ್ ಅಧಿಕಾರಿ ಶಹರ್‌ಬಾನೊ ನಕ್ವಿ ಗುಂಪಿನ ನಡುವೆ ನುಗ್ಗಿ ಆಕೆಯನ್ನು ಪಾರು ಮಾಡದಿದ್ದರೆ ಏನಾಗುತ್ತಿತ್ತೋ! ಉಡುಪಿನ ಮೇಲಿದ್ದದ್ದು ‘ಹಲ್ವಾ’ ಎಂಬ ಪದ. ಅರಬಿಯಲ್ಲಿ ಸಿಹಿ, ಸೊಗಸು ಎಂದರ್ಥ. ಅದು ಆಯತ್ ಅಲ್ಲವೆಂದು ಆಲಿಮರೇ ಸ್ಪಷ್ಟಪಡಿಸಿದರು. ಆದರೂ ತಪ್ಪೇ ಮಾಡದ ಆಕೆ ಕ್ಷಮೆ ಕೇಳಬೇಕಾಯಿತು.

ಅರಬಿಯನ್ನು ಓದಲು ಬಂದರೂ ಅರ್ಥ ಬಾರದ ನಮ್ಮಂಥವರಿಗೆ ಇದೊಂದು ಎಚ್ಚರಿಕೆ. ಖರ್ಜೂರದ ಡಬ್ಬಿಯ ಮೇಲಿನ ಅರಬಿ, ಅತ್ತರಿನ ಪೆಟ್ಟಿಗೆಯ ಅರಬಿ, ಗಲ್ಫಿನಿಂದ ಬಂದ ಹಾಲುಪುಡಿಯ ಅರಬಿ, ಇವೆಲ್ಲ ವ್ಯಾಪಾರದ ಮಾತು. ಮೊದಲು ಓದಿ, ತಿಳಿದವರನ್ನು ಕೇಳಿ. ಆಮೇಲೆ ಮಾತಾಡಿ.

ಕಂಡಾಗ ಏನು ಮಾಡಬೇಕು?

ದಾರಿಯಲ್ಲಿ ಬಿದ್ದಿದ್ದರೆ ಎತ್ತಿಕೊಳ್ಳಿ, ಅಷ್ಟೇ. ಯಾರು ಎಸೆದರು ಎಂಬ ತನಿಖೆ ಬೇಡ. ‘ನನಗೆ ವುಝೂ ಇಲ್ಲ, ಮುಟ್ಟಿನ ದಿನ, ಎತ್ತಬಹುದೇ?’ ಎಂದು ಅನೇಕ ಸೋದರಿಯರು ಹಿಂಜರಿಯುತ್ತಾರೆ. ಕುರ್‌ಆನ್ ಪ್ರತಿಯೇ ಬೆಂಕಿಗೋ ನೀರಿಗೋ ಹೊಲಸಿಗೋ ಸಿಲುಕುವ ಭಯವಿದ್ದರೆ ಶುದ್ಧಿಯಿಲ್ಲದವರೂ ಅದನ್ನು ಎತ್ತಿ ರಕ್ಷಿಸಬೇಕು ಎಂದು ಇಮಾಮ್ ನವವಿಯಂಥ ವಿದ್ವಾಂಸರು ಬರೆದಿದ್ದಾರೆ. ಹಾಗಿರುವಾಗ ಮದುವೆ ಕಾರ್ಡಿನ ತುಂಡಿಗೆ ಹಿಂಜರಿಕೆ ಏಕೆ?

ಅಂಗಡಿಯಲ್ಲಿ ಅಂಥ ಕಾಗದದಲ್ಲಿ ಕಟ್ಟಿಕೊಟ್ಟರೆ ಅಂಗಡಿಯವರಿಗೆ ಮೆಲ್ಲನೆ ಹೇಳಿ: “ಅಣ್ಣಾ, ಇದರಲ್ಲಿ ನಮ್ಮ ದೇವರ ಹೆಸರಿದೆ, ಇಂಥದ್ದು ಬಂದರೆ ಬದಿಗಿಡಿ, ನಾನೇ ಬಂದು ತಗೊಂಡು ಹೋಗ್ತೀನಿ.” ತೀರ್ಥಹಳ್ಳಿ ತಾಲೂಕಿನ ಹಣಗೆರೆಕಟ್ಟೆಯಲ್ಲಿ ದರ್ಗಾ ಮತ್ತು ಭೂತರಾಯನ ಗುಡಿ ಒಂದೇ ಸೂರಿನಡಿ ಇವೆ, ಎರಡೂ ಧರ್ಮದವರು ಅಲ್ಲಿಗೆ ಬರುತ್ತಾರೆ. ಪವಿತ್ರ ಎಂಬ ಮಾತಿನ ತೂಕ ಈ ನಾಡಿನ ಜನರಿಗೆ ಗೊತ್ತು. ಹಾಗೆಯೇ ಅವರ ದೇವರ ಚಿತ್ರವಿರುವ ಊದುಬತ್ತಿ ಪೊಟ್ಟಣ, ಕ್ಯಾಲೆಂಡರ್ ನಮ್ಮ ಕಾಲಡಿ ಬೀಳದಂತೆ ನಾವೂ ನೋಡಿಕೊಳ್ಳಬೇಕು. ಗೌರವ ಕೇಳುವವರು ಗೌರವ ಕೊಡಲೂ ಬೇಕು.

ಎತ್ತಿಟ್ಟದ್ದನ್ನು ಏನು ಮಾಡುವುದು?

ಖಲೀಫಾ ಉಸ್ಮಾನ್(ರ) ಕುರ್‌ಆನಿನ ಅಧಿಕೃತ ಪ್ರತಿಗಳನ್ನು ಸಿದ್ಧಪಡಿಸಿದ ಬಳಿಕ ಉಳಿದ ಬರಹಗಳನ್ನು ಸುಡಿಸಿದರೆಂದು ಹದೀಸ್‌ನಲ್ಲಿದೆ. ಹನಫಿ ವಿದ್ವಾಂಸರು ಶುಭ್ರ ಬಟ್ಟೆಯಲ್ಲಿ ಸುತ್ತಿ, ಯಾರೂ ತುಳಿಯದ ಜಾಗದಲ್ಲಿ ಹೂಳುವುದನ್ನು ಮೆಚ್ಚುತ್ತಾರೆ. ಸಂರಕ್ಷಣೆಗಾಗಿ ಸುಡಬಹುದೆಂದು ಶಾಫಿಈ ವಿದ್ವಾಂಸರು ಹೇಳಿದ್ದಾರೆ. ಗೌರವದಿಂದ ಪ್ರತ್ಯೇಕವಾಗಿ ಸುಟ್ಟು ಬೂದಿ ಹೂಳುವುದು ಬೇರೆ, ಬಚ್ಚಲ ಒಲೆಗೆ ತುರುಕಿ ನೀರು ಕಾಯಿಸುವುದು ಬೇರೆ. ನಿಮ್ಮ ಮೊಹಲ್ಲಾದ ಆಲಿಮರನ್ನು ಕೇಳಿ ಮುಂದುವರಿಯಿರಿ.

ತುಂಗೆಗೋ ಶರಾವತಿಗೋ ಬಿಡುವ ಅಭ್ಯಾಸದ ಬಗ್ಗೆ ಒಂದು ಮಾತು. ಹಿಂದಿನವರ ಮಸಿ ನೀರಿನಲ್ಲಿ ಕರಗುತ್ತಿತ್ತು. ಇಂದಿನ ಪ್ಲಾಸ್ಟಿಕ್ ಹೊದಿಕೆಯ ಕಾರ್ಡು, ಫ್ಲೆಕ್ಸು ಕರಗುವುದಿಲ್ಲ. ಮುಂದಿನ ಊರಿನ ದಡದ ಕೊಳೆಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಇದರಿಂದ ಅಕ್ಷರಕ್ಕೂ ಗೌರವವಿಲ್ಲ, ಹೊಳೆಗೂ ಇಲ್ಲ.

ಒಂದು ಸುಲಭ ದಾರಿಯಿದೆ. ಅಡುಗೆಮನೆಯಿಂದ ದೂರ, ತೇವ ತಾಗದ ಎತ್ತರದಲ್ಲಿ ಒಂದು ಚೀಲ ತೂಗುಹಾಕಿ. ಗುಜರಿಗೆ ಕಾಗದ ಕೊಡುವ ಮುನ್ನ ಮಕ್ಕಳಿಂದ ಆರಿಸಿ ಅದರಲ್ಲಿ ಹಾಕಿಸಿ. ತುಂಬಿದಾಗ ಮಸೀದಿಗೆ ಒಪ್ಪಿಸಿ. ಮಸೀದಿಯಲ್ಲಿ ಇದಕ್ಕೊಂದು ಪೆಟ್ಟಿಗೆ ಇಲ್ಲದಿದ್ದರೆ ಇಡುವಂತೆ ಮನೆಯ ಗಂಡಸರಿಂದ ಜಮಾಅತಿಗೆ ಹೇಳಿಸಿ. ಮೀಲಾದ್ ಮುಗಿದ ಮರುದಿನ ಬಾವುಟ ಬಿಚ್ಚುವ ಹೊಣೆಯನ್ನು ಕಟ್ಟಿದ ಹುಡುಗರಿಗೇ ವಹಿಸಲಿ.

ಎಲ್ಲಕ್ಕಿಂತ ಮೊದಲು, ಅಚ್ಚು ಹಾಕಿಸುವುದನ್ನೇ ಕಡಿಮೆ ಮಾಡೋಣ. ಮುಂದಿನ ನಿಕಾಹ್‌ಗೆ ಕಾರ್ಡ್ ಆರಿಸುವಾಗ ತಾಯಂದಿರೇ, ನಿಮ್ಮ ಮಾತು ನಡೆಯುತ್ತದೆ. ಐನೂರು ಕಾರ್ಡುಗಳ ಮೇಲೆ ಹೊನ್ನಿನ ಬಣ್ಣದ ಆಯತ್ ಏಕೆ? ಬಿಸ್ಮಿಲ್ಲಾ ನಾಲಗೆಯಲ್ಲಿ ಹೇಳಿ ಕಾರ್ಡ್ ಬರೆಯಲು ಕೂತರೆ ಸಾಲದೇ? ನಾಲಗೆಯ ಮೇಲಿನ ಬಿಸ್ಮಿಲ್ಲಾ ಚರಂಡಿಗೆ ಬೀಳುವುದಿಲ್ಲ.