ಮೈದಾನದ ನಡುವೆ ಒಂದು ರಾಗಿ ಕಾಳು

ಪರಮಾಣುವಿನಲ್ಲಿ ಏನೇನಿದೆ ಎಂದು ಪ್ರೌಢಶಾಲೆಯ ಯಾವ ವಿದ್ಯಾರ್ಥಿಯನ್ನು ಕೇಳಿದರೂ ‘ಪ್ರೋಟಾನ್, ನ್ಯೂಟ್ರಾನ್, ಎಲೆಕ್ಟ್ರಾನ್’ ಎಂಬ ಉತ್ತರ ಥಟ್ಟನೆ ಬರುತ್ತದೆ. ಅಂಕವೂ ಸಿಗುತ್ತದೆ. ಆದರೆ ಕಣ್ಣಿಗೆ ಕಾಣದ ವಸ್ತುವಿನ ಒಳಗುಟ್ಟು ತಿಳಿದದ್ದಾದರೂ ಹೇಗೆ ಎಂದು ಕೇಳಿ ನೋಡಿ. ಮಕ್ಕಳು ತಂದೆತಾಯಿಯರ ಮುಖ ನೋಡುತ್ತಾರೆ, ತಂದೆತಾಯಿಯರು ಪುಸ್ತಕದತ್ತ ನೋಡುತ್ತಾರೆ. ಪುಸ್ತಕದಲ್ಲಿ ಈ ಕಥೆಗೆ ಸಿಕ್ಕಿರುವುದು ಹೆಚ್ಚೆಂದರೆ ಅರ್ಧ ಪುಟ.

1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದ ಮೇಲೆ ಪರಮಾಣುವನ್ನು ಒಡೆಯಲಾಗದ ಗುಂಡು ಎನ್ನುವಂತಿರಲಿಲ್ಲ. ಎಲೆಕ್ಟ್ರಾನಿನದು ಋಣ ವಿದ್ಯುತ್ತು. ಅದನ್ನು ಸರಿದೂಗಿಸುವ ಧನ ವಿದ್ಯುತ್ತು ಎಲ್ಲಿದೆ? ಕಲ್ಲಂಗಡಿಯ ತಿರುಳಿನಂತೆ ಪರಮಾಣುವಿನ ತುಂಬ ಹರಡಿದೆ, ಬೀಜಗಳಂತೆ ಎಲೆಕ್ಟ್ರಾನುಗಳು ನಡುನಡುವೆ ಸಿಕ್ಕಿಕೊಂಡಿವೆ ಎಂಬಂಥ ಚಿತ್ರವನ್ನು ಥಾಮ್ಸನ್ ಕೊಟ್ಟರು. ಆಗ ಅದನ್ನು ಅಲ್ಲಗಳೆಯಲು ಕಾರಣವೇನೂ ಇರಲಿಲ್ಲ.

ಕಾರಣ ಸಿಕ್ಕಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, 1909ರಲ್ಲಿ. ಅಲ್ಲಿ ಪ್ರಾಧ್ಯಾಪಕರಾಗಿದ್ದವರು ನ್ಯೂಜಿಲೆಂಡಿನ ಅರ್ನೆಸ್ಟ್ ರದರ್‌ಫರ್ಡ್. ಅವರ ಸಹಾಯಕ ಗೈಗರ್. ಜೊತೆಗೆ ಇಪ್ಪತ್ತು ವರ್ಷದ ವಿದ್ಯಾರ್ಥಿ ಮಾರ್ಸ್‌ಡನ್, ಇನ್ನೂ ಪದವಿ ಮುಗಿಸದ ಹುಡುಗ! ಸಾವಿರಾರು ಪರಮಾಣುಗಳಷ್ಟೇ ದಪ್ಪದ ಚಿನ್ನದ ರೇಕಿನ ಮೇಲೆ ಆಲ್ಫಾ ಕಣಗಳನ್ನು ಹಾಯಿಸುವುದು ಅವರ ಕೆಲಸ. ಆಲ್ಫಾ ಕಣ ಎಲೆಕ್ಟ್ರಾನಿಗಿಂತ 7 ಸಾವಿರ ಪಟ್ಟಿಗೂ ಹೆಚ್ಚು ಭಾರ. ವೇಗ ಸೆಕೆಂಡಿಗೆ 15 ಸಾವಿರ ಕಿಲೋಮೀಟರಿಗೂ ಮಿಗಿಲು. ಥಾಮ್ಸನ್ನರ ಕಲ್ಲಂಗಡಿಯನ್ನು ಅದು ಸಲೀಸಾಗಿ ತೂರಿಹೋಗಬೇಕು.

ಎಣಿಕೆ ನಡೆದ ರೀತಿ ಕೇಳಿದರೆ ಇಂದಿನ ಮಕ್ಕಳಿಗೆ ಅಚ್ಚರಿಯಾದೀತು. ಕಣ ಬಡಿದಾಗ ಸತುವಿನ ಸಲ್ಫೈಡ್ ಬಳಿದ ಪರದೆಯ ಮೇಲೆ ಸಣ್ಣ ಮಿಂಚು ಹೊಳೆಯುತ್ತದೆ. ಕತ್ತಲೆ ಕೋಣೆಯಲ್ಲಿ ಕುಳಿತು, ಕಣ್ಣು ಕತ್ತಲಿಗೆ ಒಗ್ಗುವವರೆಗೆ ಕಾದು, ಸೂಕ್ಷ್ಮದರ್ಶಕದಲ್ಲಿ ಆ ಮಿಂಚುಗಳನ್ನು ಒಂದೊಂದಾಗಿ ಎಣಿಸಬೇಕು.

ಕಣಗಳೇನಾದರೂ ಹಿಂದಕ್ಕೆ ಬರುತ್ತವೆಯೇ ನೋಡಿ ಎಂದು ರದರ್‌ಫರ್ಡ್ ಸೂಚಿಸಿದರು. ಬರುತ್ತವೆಂಬ ನಂಬಿಕೆ ಅವರಿಗೂ ಇರಲಿಲ್ಲ. ಆದರೆ ಬಂದವು! ಪ್ಲಾಟಿನಂ ತಗಡಿನ ಮೇಲೆ ಎಣಿಸಿದಾಗ ಸುಮಾರು 8,000ಕ್ಕೆ ಒಂದು ಕಣ ಹಿಂದಿರುಗಿತು. ಎಂಟು ಸಾವಿರಕ್ಕೆ ಒಂದು ತಾನೇ ಎಂದು ಬದಿಗೆ ಸರಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ರದರ್‌ಫರ್ಡ್ ಸರಿಸಲಿಲ್ಲ, ಎರಡು ವರ್ಷ ಲೆಕ್ಕ ಹಾಕಿದರು. ಅಷ್ಟು ವೇಗದ ಭಾರವಾದ ಕಣವನ್ನು ಹಿಂದಕ್ಕೆ ತಳ್ಳಬೇಕಾದರೆ ಪರಮಾಣುವಿನ ತೂಕವೂ ಒಂದು ಬಗೆಯ ವಿದ್ಯುತ್ತೂ ತೀರ ಸಣ್ಣ ಜಾಗದಲ್ಲಿ ಗಂಟು ಕಟ್ಟಿರಲೇಬೇಕು. ಹೆಚ್ಚಿನ ಕಣಗಳಿಗೆ ಆ ಗಂಟು ಎದುರಾಗುವುದೇ ಇಲ್ಲ. ಅವು ನೇರ ಹೋಗುತ್ತವೆ. 1911ರಲ್ಲಿ ಹೀಗೆ ಬೆಳಕಿಗೆ ಬಂದದ್ದೇ ಬೀಜಕೇಂದ್ರ.

ಅದರಲ್ಲಿರುವ ನ್ಯೂಟ್ರಾನ್ ಸಿಗಲು 1932ರವರೆಗೆ, ಚಾಡ್ವಿಕ್ ಬರುವವರೆಗೆ ಕಾಯಬೇಕಾಯಿತು. ಅದು ಬೇರೆಯದೇ ಕಥೆ.

ಪಠ್ಯಪುಸ್ತಕದ ಚಿತ್ರಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅವುಗಳಲ್ಲಿ ಬೀಜಕೇಂದ್ರ ನಿಂಬೆಹಣ್ಣಿನಷ್ಟು, ಪಕ್ಕದಲ್ಲೇ ಗ್ರಹಗಳಂತೆ ಸುತ್ತುವ ಎಲೆಕ್ಟ್ರಾನುಗಳು. ಪುಟದಲ್ಲಿ ಜಾಗವಿಲ್ಲ, ಪಾಪ! ಆದರೆ ಅಳತೆ ಪೂರಾ ತಪ್ಪು. ಗ್ರಹದಂತೆ ಸುತ್ತುವುದೂ ನಿಜವಲ್ಲ: ಹಾಗೆ ಸುತ್ತುವ ಎಲೆಕ್ಟ್ರಾನ್ ಶಕ್ತಿ ಕಳೆದುಕೊಂಡು ಕ್ಷಣಾರ್ಧದಲ್ಲಿ ಬೀಜಕೇಂದ್ರಕ್ಕೆ ಬಿದ್ದುಬಿಡಬೇಕಿತ್ತು. 1913ರಲ್ಲಿ ನೀಲ್ಸ್ ಬೋರ್ ಈ ತೊಡಕಿಗೆ ಒಂದು ದಾರಿ ತೋರಿದರು. 1926ರ ಹೊತ್ತಿಗೆ ಬಂದ ಕ್ವಾಂಟಂ ಸಿದ್ಧಾಂತದ ಪ್ರಕಾರ ಎಲೆಕ್ಟ್ರಾನಿಗೆ ಗೆರೆ ಎಳೆದಂಥ ದಾರಿಯೇ ಇಲ್ಲ. ಬೀಜಕೇಂದ್ರದ ಸುತ್ತ ಅದು ಮೋಡದಂತೆ ಹರಡಿಕೊಂಡಿದೆ ಎಂದು ಊಹಿಸಿಕೊಳ್ಳುವುದೇ ವಾಸಿ.

‘ಪರಮಾಣು ಅಷ್ಟೊಂದು ಖಾಲಿಯಾದರೆ ಕೈ ಮೇಜಿನೊಳಗೆ ಯಾಕೆ ತೂರುವುದಿಲ್ಲ?’ ಎಂದು ಮಗು ಕೇಳಿದರೆ ದಯವಿಟ್ಟು ಗದರಬೇಡಿ, ಬಹಳ ಒಳ್ಳೆಯ ಪ್ರಶ್ನೆ ಅದು. ಕೈಯ ಎಲೆಕ್ಟ್ರಾನ್ ಮೋಡವೂ ಮೇಜಿನ ಮೋಡವೂ ಒಂದರ ಜಾಗಕ್ಕೆ ಇನ್ನೊಂದನ್ನು ಬಿಡುವುದಿಲ್ಲ. ನಾವು ‘ಗಟ್ಟಿ’ ಎನ್ನುವುದು ಈ ತಡೆಯನ್ನೇ.

ಅಳತೆ ಮನಸ್ಸಿಗೆ ನಾಟಬೇಕೆಂದರೆ ಭಾನುವಾರ ಶಾಲೆಯ ಮೈದಾನಕ್ಕೆ ಹೋಗಿ. ನಟ್ಟನಡುವೆ ಒಂದು ರಾಗಿ ಕಾಳಿಡಿ. ಅದು ಹೈಡ್ರೋಜನ್ ಪರಮಾಣುವಿನ ಬೀಜಕೇಂದ್ರ, ಅಂದರೆ ಒಂದೇ ಒಂದು ಪ್ರೋಟಾನ್. ಅಲ್ಲಿಂದ ಮಗುವಿನ ಕೈಹಿಡಿದು ಎಪ್ಪತ್ತು ಹೆಜ್ಜೆ, ಸುಮಾರು 50 ಮೀಟರ್ ನಡೆಯಿರಿ. ಎಲೆಕ್ಟ್ರಾನ್ ಸಾಮಾನ್ಯವಾಗಿ ಇರುವುದು ಅಷ್ಟು ದೂರದಲ್ಲಿ. ಅಲ್ಲಿಂದ ತಿರುಗಿ ಕಾಳು ಕಾಣುತ್ತದೆಯೇ ಎಂದು ಕೇಳಿ.