ಖಾಲಿ ಕಡತ ತಂದ ಹುಸಿ ಪ್ರವಾಹ

ಘಟಪ್ರಭಾ ನದಿಗೆ ಹಿಡಕಲ್ ಬಳಿ ಕಟ್ಟಿರುವ ರಾಜಾ ಲಖಮಗೌಡ ಜಲಾಶಯದ ಸಾಮರ್ಥ್ಯ ಸುಮಾರು 51 ಟಿಎಂಸಿ. ಅದರ ನೀರಿನ ಲೆಕ್ಕವನ್ನು ನೀವು ಪೈಥಾನ್ ಭಾಷೆಯಲ್ಲಿ ವಿಶ್ಲೇಷಿಸುತ್ತಿದ್ದೀರಿ ಎಂದಿಟ್ಟುಕೊಳ್ಳಿ. ದಿನಕ್ಕೊಂದು ಕಡತ, ಗಂಟೆಗೊಂದು ಸಾಲು. ಸಾಲಿನಲ್ಲಿ ವೇಳೆ, ಸಂಗ್ರಹ, ಹೊರಹರಿವು ಎಂಬ ಮೂರು ಅಂಕಣ, ನಡುವೆ ಅಲ್ಪವಿರಾಮ. ಕಡತ ಓದುವುದು ಪಾಂಡಾಸ್ ಎಂಬ ಲೈಬ್ರರಿಯ ಕೆಲಸ.

ಒಂದು ದಿನದ ಕಡತ ಖಾಲಿ ಬಂತು. ಪಾಂಡಾಸ್ ‘ಎಂಪ್ಟಿ ಡೇಟಾ ಎರರ್’ ಎಂಬ ಎಕ್ಸೆಪ್ಷನ್ ಎಸೆದು ನಿಂತುಬಿಡುತ್ತದೆ. ಅವಸರದಲ್ಲಿರುವವರು ಏನು ಮಾಡುತ್ತಾರೆ? ಇಡೀ ಕೆಲಸವನ್ನು ‘ಟ್ರೈ’ ಒಳಗಿಟ್ಟು, ಕೆಳಗೆ ಹೆಸರಿಲ್ಲದ ‘ಎಕ್ಸೆಪ್ಟ್’ ಬರೆದು, ತೊಂದರೆ ಬಂದರೆ ಸಂಗ್ರಹ ಸೊನ್ನೆ ಎಂದುಬಿಡುತ್ತಾರೆ. ಪ್ರೋಗ್ರಾಂ ಓಡುತ್ತದೆ, ನಿಜ.

ಈಗ ಲೆಕ್ಕ ನೋಡಿ. ಒಳಹರಿವೆಂದರೆ ಸಂಗ್ರಹದಲ್ಲಾದ ಏರಿಕೆಗೆ ಹೊರಹರಿವನ್ನು ಕೂಡಿಸಿದ್ದು. ಅಣೆಕಟ್ಟಿನಲ್ಲಿ 40 ಟಿಎಂಸಿ ನೀರಿದ್ದಾಗ ಒಂದು ದಿನ ಸೊನ್ನೆ ನುಗ್ಗಿದರೆ, ಮರುದಿನ 40 ಟಿಎಂಸಿ ಒಮ್ಮೆಲೇ ಬಂದಂತೆ ಕಾಣುತ್ತದೆ. ದಿನಕ್ಕೆ ಒಂದು ಟಿಎಂಸಿ ಎಂದರೆ 11,574 ಕ್ಯುಸೆಕ್, ಅಂದರೆ 4.6 ಲಕ್ಷ ಕ್ಯುಸೆಕ್‌ಗೂ ಮಿಕ್ಕಿದ ಹುಸಿ ಪ್ರವಾಹ! 2019ರ ಆಗಸ್ಟ್‌ನಲ್ಲಿ ನದಿ ಗೋಕಾಕ ಪಟ್ಟಣದೊಳಗೆ ಹೊಕ್ಕಿದ್ದನ್ನು ಕಂಡವರ ಮುಂದೆ ಇಂಥ ನಕ್ಷೆ ಇಡಲಾದೀತೇ?

ಆದ್ದರಿಂದ ಎಕ್ಸೆಪ್ಷನ್ನನ್ನು ಹೆಸರು ಹಿಡಿದೇ ಹಿಡಿಯಬೇಕು. ಪಾಂಡಾಸ್ ತನ್ನವನ್ನು ‘ಎರರ್ಸ್’ ವಿಭಾಗದಲ್ಲಿ ಇಟ್ಟಿದೆ. ಎಂಪ್ಟಿ ಡೇಟಾ ಎರರ್ ಬಂದರೆ ಆ ದಿನವನ್ನು ಸೊನ್ನೆಯೆನ್ನದೆ ‘ಮಾಹಿತಿ ಇಲ್ಲ’ ಎಂದು ಗುರುತಿಸಿ ಮುಂದೆ ಹೋಗಿ. 12,500 ಎಂದು ಯಾರೋ ಅಲ್ಪವಿರಾಮ ಹಾಕಿ ಬರೆದರೆ ಸಾಲಿನಲ್ಲಿ ನಾಲ್ಕು ಅಂಕಣಗಳಾಗಿ ‘ಪಾರ್ಸರ್ ಎರರ್’ ಬರುತ್ತದೆ. ಅದರ ಸಂದೇಶದಲ್ಲೇ ಸಾಲಿನ ಸಂಖ್ಯೆ ಇರುತ್ತದೆ. ಆ ಕಡತವನ್ನು ಬದಿಗಿಟ್ಟು ಕಣ್ಣಿಂದ ನೋಡಿ ತಿದ್ದುವುದೇ ಸರಿ.

ಇವೆರಡೂ ಪೈಥಾನಿನ ‘ವ್ಯಾಲ್ಯೂ ಎರರ್’ ಎಂಬುದರ ಮಕ್ಕಳು. ಅದನ್ನೇ ಹಿಡಿದರಾಯಿತಲ್ಲ ಎನ್ನಬಹುದು. ಆಗದು. ಯೂನಿಕೋಡ್‌ಗೆ ಮುಂಚಿನ ಫಾಂಟಿನಲ್ಲಿ ಟೈಪಿಸಿದ ಕನ್ನಡ ಕಡತದಲ್ಲಿದ್ದರೆ ಬರುವ ‘ಯೂನಿಕೋಡ್ ಡಿಕೋಡ್ ಎರರ್’ ಕೂಡ ಅದೇ ಮನೆಯದು. ಅದರ ಮದ್ದು ಬೇರೆ. ವ್ಯಾಲ್ಯೂ ಎರರ್ ಬೇಕೇಬೇಕಿದ್ದರೆ ಮಕ್ಕಳ ಹೆಸರುಗಳ ನಂತರ ಬರೆಯಿರಿ. ಮೊದಲು ಬರೆದರೆ ಎಲ್ಲವನ್ನೂ ಅದೇ ನುಂಗಿಬಿಡುತ್ತದೆ. ಹೆಸರಿಲ್ಲದ ಎಕ್ಸೆಪ್ಟ್ ಇನ್ನೂ ಕೆಟ್ಟದ್ದು: ನಿಮ್ಮದೇ ಕಾಗುಣಿತದ ತಪ್ಪಿನಿಂದ ಹುಟ್ಟಿದ ‘ನೇಮ್ ಎರರ್’ ಕೂಡ ಅದರ ಹೊಟ್ಟೆ ಸೇರುತ್ತದೆ.

ಇಷ್ಟಾದರೂ ಒಂದು ಕಳ್ಳದಾರಿ ಉಳಿಯುತ್ತದೆ. ಹೆಚ್ಚುವರಿ ಅಲ್ಪವಿರಾಮ ಶೀರ್ಷಿಕೆಯ ಮರುಸಾಲಿನಲ್ಲೇ ಇದ್ದರೆ ಪಾಂಡಾಸ್ ಸುಮ್ಮನಿರುತ್ತದೆ. ಮೊದಲ ಅಂಕಣವನ್ನು ಸಾಲುಗಳ ಗುರುತೆಂದು ಭಾವಿಸಿ, ಉಳಿದವನ್ನು ಒಂದೊಂದು ಮನೆ ಸರಿಸಿಬಿಡುತ್ತದೆ. ಸಂಗ್ರಹದ ಜಾಗದಲ್ಲಿ 12, ಹೊರಹರಿವಿನಲ್ಲಿ 500! ಇದನ್ನು ಯಾವ ಎಕ್ಸೆಪ್ಟೂ ಹಿಡಿಯದು. ಸಂಗ್ರಹ 51 ಟಿಎಂಸಿ ಮೀರಿದೆಯೇ, ಒಂದೇ ಗಂಟೆಯಲ್ಲಿ ಹತ್ತಾರು ಟಿಎಂಸಿ ಜಿಗಿದಿದೆಯೇ ಎಂದು ಓದಿದ ಕೂಡಲೇ ನೀವೇ ಪರೀಕ್ಷಿಸಿ, ಹಾಗಿದ್ದರೆ ನಿಮ್ಮದೇ ಒಂದು ಎಕ್ಸೆಪ್ಷನ್ ಎಸೆಯಿರಿ.